ಉಪನ್ಯಾಸದಿಂದ ತರಗತಿಗೆ: ವಿಶ್ವವಿದ್ಯಾಲಯ ಊರಿಗೆ ಬಂದ ಕಥೆ

ವಿಶ್ವವಿದ್ಯಾಲಯ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹದಿನೆಂಟರಿಂದ ಇಪ್ಪತ್ತೈದರ ಒಳಗಿನ ಯುವಕ ಯುವತಿಯರ ಗುಂಪು. ಪ್ರವೇಶ, ಹಾಜರಿ, ಪರೀಕ್ಷೆ, ಪದವಿ ಇವು ನಾಲ್ಕು ಅಲ್ಲಿನ ಗೋಡೆಗಳು. ಈ ಗೋಡೆಗಳ ಹೊರಗೆ ಉಳಿದವರಿಗೂ ಕಲಿಯುವ ಆಸೆ ಇರುತ್ತದೆ. ಗಿರಣಿ ಕೆಲಸಗಾರ, ಓದು ಅರ್ಧಕ್ಕೆ ನಿಂತ ಗೃಹಿಣಿ, ಸೇವೆಯಿಂದ ನಿವೃತ್ತನಾದ ಗುಮಾಸ್ತ ಇಂಥವರಿಗಾಗಿ ವಿಶ್ವವಿದ್ಯಾಲಯ ತನ್ನ ಬಾಗಿಲು ದಾಟಿ ಹೊರಬಂದ ಇತಿಹಾಸ ಸುಮಾರು ಎರಡು ಶತಮಾನಗಳಷ್ಟು ಹಳೆಯದು. ಸಾರ್ವಜನಿಕ ಉಪನ್ಯಾಸ, ವ್ಯಾಸಂಗ ವಿಸ್ತರಣ, ಮುಕ್ತ ವಿಶ್ವವಿದ್ಯಾಲಯ, ಹಿರಿಯರ ವಿಶ್ವವಿದ್ಯಾಲಯ ಎಲ್ಲವೂ ಈ ಇತಿಹಾಸದ ಮೈಲಿಗಲ್ಲುಗಳು. ಈ ದಾರಿಯ ಉದ್ದಕ್ಕೂ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಕೇಳಿದರಷ್ಟೇ ಕಲಿತಂತಾಗುತ್ತದೆಯೆ?

ಒಂದು ಷಿಲ್ಲಿಂಗ್‌ನ ವಿದ್ಯೆ

1810ರಲ್ಲಿ ಲಂಡನ್ನಿನ ಪುಸ್ತಕ ರಟ್ಟು ಕಟ್ಟುವ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ ಸಂಜೆಯ ವಿಜ್ಞಾನ ಉಪನ್ಯಾಸಗಳಿಗೆ ಹೋಗಲು ಬಯಸಿದ. ಒಂದೊಂದು ಉಪನ್ಯಾಸಕ್ಕೂ ಪ್ರವೇಶ ಶುಲ್ಕ ಒಂದು ಷಿಲ್ಲಿಂಗ್. ಕಮ್ಮಾರನಾಗಿದ್ದ ಅಣ್ಣ ಆ ಹಣ ಕೊಟ್ಟ. ಎರಡು ವರ್ಷದ ಬಳಿಕ, ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಆ ಹುಡುಗನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ನೀಡುತ್ತಿದ್ದ ನಾಲ್ಕು ಉಪನ್ಯಾಸಗಳ ಟಿಕೆಟುಗಳನ್ನು ಕೊಟ್ಟರು. ಹುಡುಗ ಕೇಳಿದ್ದನ್ನೆಲ್ಲ ಬರೆದುಕೊಂಡ, ಮನೆಗೆ ಬಂದು ವಿಸ್ತರಿಸಿದ, ಚಿತ್ರ ಬರೆದ, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದ. 1813ರ ಮಾರ್ಚ್‌ನಲ್ಲಿ ಅವನಿಗೆ ಅದೇ ಸಂಸ್ಥೆಯಲ್ಲಿ ಪ್ರಯೋಗಾಲಯ ಸಹಾಯಕನ ಕೆಲಸ ಸಿಕ್ಕಿತು. ಆತ ಮೈಕೇಲ್ ಫ್ಯಾರಡೆ.

ಈ ಕಥೆ ನಮ್ಮ ಪಠ್ಯಪುಸ್ತಕಗಳಲ್ಲೂ ಬರುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ನಾವು ಗಮನಿಸದ ಅಂಶವೊಂದಿದೆ. ಡೇವಿಯ ಉಪನ್ಯಾಸಗಳಿಗೆ ನೂರಾರು ಮಂದಿ ಬರುತ್ತಿದ್ದರು. ಬಂದವರ ಕುದುರೆ ಗಾಡಿಗಳ ಸಂದಣಿಯಿಂದಾಗಿ ಆ ಸಂಸ್ಥೆಯಿದ್ದ ಬೀದಿಯನ್ನು ಏಕಮುಖ ಸಂಚಾರದ ಬೀದಿಯಾಗಿ ಮಾಡಬೇಕಾಯಿತೆಂದು ಹೇಳುತ್ತಾರೆ. ಅವರೆಲ್ಲ ಕೇಳಿದ್ದೂ ಫ್ಯಾರಡೆ ಕೇಳಿದ್ದನ್ನೇ. ವ್ಯತ್ಯಾಸವಿದ್ದದ್ದು ಕೇಳಿದ ಮೇಲೆ ಆತ ಮಾಡಿದ ಕೆಲಸದಲ್ಲಿ. ಅದನ್ನು ಯಾರೂ ಏರ್ಪಾಡು ಮಾಡಿರಲಿಲ್ಲ. ಅವನ ಸ್ವಂತ ಹಟದಿಂದ ಅದು ಆಯಿತು. ಮುಂದೆ ಫ್ಯಾರಡೆಯ ಕಾಲದಲ್ಲೇ, 1825ರಲ್ಲಿ, ಆ ಸಂಸ್ಥೆಯಲ್ಲಿ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಆರಂಭವಾದವು. ಅವು ಇಂದಿಗೂ ನಡೆಯುತ್ತಿವೆ.

ಶನಿವಾರ ಸಂಜೆಯ ಕುಶಲಕರ್ಮಿಗಳು

ಫ್ಯಾರಡೆಗೂ ಮೊದಲು ಗ್ಲ್ಯಾಸ್ಗೋ ನಗರದಲ್ಲಿ ಇನ್ನೊಂದು ಪ್ರಯತ್ನ ನಡೆದಿತ್ತು. ಅಲ್ಲಿನ ಆಂಡರ್ಸನ್ ಸಂಸ್ಥೆಯಲ್ಲಿ ಅಧ್ಯಾಪಕನಾಗಿದ್ದ ಜಾರ್ಜ್ ಬರ್ಕ್‌ಬೆಕ್ ಒಂದು ಉಪಕರಣದ ಮಾದರಿ ಮಾಡಿಸಲು ತಗಡಿನ ಕೆಲಸಗಾರರ ಬಳಿಗೆ ಹೋದ. ಕೆಲಸಗಾರರು ಆ ಉಪಕರಣದ ಸುತ್ತ ನೆರೆದು ಕೇಳಿದ ಪ್ರಶ್ನೆಗಳು ಅವನನ್ನು ಯೋಚಿಸುವಂತೆ ಮಾಡಿದವು. ಇಷ್ಟು ಚುರುಕಾದ ಜನರಿಗೆ ತಾವು ಮಾಡುವ ಯಂತ್ರದ ತತ್ತ್ವ ತಿಳಿಯುವ ದಾರಿಯೇ ಇಲ್ಲವಲ್ಲ ಎಂದು 1800ರಲ್ಲಿ ಶನಿವಾರ ಸಂಜೆ ಉಚಿತ ಉಪನ್ಯಾಸಗಳನ್ನು ಆರಂಭಿಸಿದ. ಮೊದಲ ವಾರ ಬಂದವರು 75 ಮಂದಿ, ನಾಲ್ಕನೆಯ ವಾರದ ಹೊತ್ತಿಗೆ 500. ಇದೇ ಬರ್ಕ್‌ಬೆಕ್ 1823ರಲ್ಲಿ ಲಂಡನ್ನಿನಲ್ಲಿ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್ ಸ್ಥಾಪಿಸುವುದರಲ್ಲಿ ಮುಂದಾಳಾಗಿದ್ದ. ಅದೇ ಬೆಳೆದು ಇಂದು ಲಂಡನ್ ವಿಶ್ವವಿದ್ಯಾಲಯದ ಬರ್ಕ್‌ಬೆಕ್ ಕಾಲೇಜಾಗಿದೆ. ಅಲ್ಲಿ ಸಂಜೆ ತರಗತಿಗಳ ಪರಂಪರೆ ಮುಂದುವರಿದಿದೆ.

ಲಂಡನ್ನಿನ ಮಾದರಿಯಲ್ಲಿ ಬ್ರಿಟನ್ನಿನ ಊರೂರಲ್ಲಿ ಇಂಥ ಸಂಸ್ಥೆಗಳು ತಲೆಯೆತ್ತಿದವು. ಆದರೆ ಶತಮಾನದ ನಡುಭಾಗದ ವೇಳೆಗೆ ಅವುಗಳಲ್ಲಿ ಬಹಳಷ್ಟು ಕಡೆ ಕುಶಲಕರ್ಮಿಗಳ ಜಾಗದಲ್ಲಿ ಗುಮಾಸ್ತರು, ಅಂಗಡಿಯವರು ಕಾಣತೊಡಗಿದರು. ಕಾರಣಗಳು ಸ್ಪಷ್ಟ. ಓದುಬರಹ ಸರಿಯಾಗಿ ಬಾರದವನಿಗೆ ಯಂತ್ರಶಾಸ್ತ್ರದ ಉಪನ್ಯಾಸ ಹಿಡಿಸುವುದು ಕಷ್ಟ. ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿದವನಿಗೆ ಸಂಜೆ ನಿದ್ರೆ ಬರುತ್ತದೆ. ಇವೆರಡಕ್ಕಿಂತ ದೊಡ್ಡ ಕಾರಣ ಉಪನ್ಯಾಸಗಳ ಸ್ವರೂಪ. ಒಂದು ವಾರ ಧೂಮಕೇತು, ಮರುವಾರ ಈಜಿಪ್ಟಿನ ಗೋರಿಗಳು, ಇನ್ನೊಂದು ವಾರ ನಾಟಕ ವಾಚನ. ಒಂದಕ್ಕೊಂದು ಕೊಂಡಿಯಿಲ್ಲ. ಕೇಳಿದವರಿಗೆ ಸಂತೋಷವಾಗುತ್ತಿತ್ತು, ಬೆಳಗಾಗುವಷ್ಟರಲ್ಲಿ ಮರೆತೂ ಹೋಗುತ್ತಿತ್ತು.

ಗೋಡೆಯ ಮೇಲೆ ಉಳಿದ ಚಿತ್ರಪಟಗಳು

ಈ ಸಮಸ್ಯೆಗೆ ಉತ್ತರ ಹುಡುಕಿದವನು ಜೇಮ್ಸ್ ಸ್ಟುವರ್ಟ್. ಸ್ಕಾಟ್ಲೆಂಡಿನಲ್ಲಿ 1843ರಲ್ಲಿ ಹುಟ್ಟಿದ ಆತ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಫೆಲೊ ಆಗಿದ್ದ. 1867ರಲ್ಲಿ ಉತ್ತರ ಇಂಗ್ಲೆಂಡಿನ ಮಹಿಳೆಯರ ಸಂಘಗಳಿಂದ ಅವನಿಗೆ ಆಹ್ವಾನ ಬಂತು. ಆ ಸಂಘಗಳ ಹಿಂದೆ ಇದ್ದವರಲ್ಲಿ ಪ್ರಮುಖಳು ಆನ್ ಜಮೈಮಾ ಕ್ಲಫ್. ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ಮುಚ್ಚಿದ್ದ ಕಾಲ ಅದು. ಬೋಧನೆಯ ಕಲೆಯ ಬಗ್ಗೆ ಮಾತನಾಡಿ ಎಂದು ಅವರು ಕೇಳಿದಾಗ ಸ್ಟುವರ್ಟ್, ಬೋಧನೆಯ ಬಗ್ಗೆ ಹೇಳುವುದಕ್ಕಿಂತ ಬೋಧಿಸಿ ತೋರಿಸುವುದೇ ಮೇಲು ಎಂದು ಖಗೋಳ ವಿಜ್ಞಾನವನ್ನು ಆರಿಸಿಕೊಂಡ. ಲೀಡ್ಸ್, ಲಿವರ್‌ಪೂಲ್, ಮ್ಯಾಂಚೆಸ್ಟರ್, ಷೆಫೀಲ್ಡ್ ನಗರಗಳಲ್ಲಿ ಒಂದೇ ವಿಷಯದ ಮೇಲೆ ವಾರವಾರವೂ ಮುಂದುವರಿಯುವ ಉಪನ್ಯಾಸಗಳನ್ನು ಕೊಟ್ಟ.

ಅಲ್ಲಿ ಎರಡು ಹೊಸ ಪದ್ಧತಿಗಳು ರೂಪುಗೊಂಡವು. ಕೇಳುಗರು ಟಿಪ್ಪಣಿ ಬರೆದುಕೊಳ್ಳಲು ಒದ್ದಾಡುವುದನ್ನು ಕಂಡು, ಉಪನ್ಯಾಸದ ಸಾರಾಂಶವನ್ನು ಮೊದಲೇ ಅಚ್ಚು ಹಾಕಿಸಿ ಹಂಚಿದ. ಎರಡನೆಯದು ಆ ಕಾಲದ ಸಂಕೋಚದಿಂದ ಹುಟ್ಟಿತು. ಇಪ್ಪತ್ತನಾಲ್ಕರ ತರುಣ ಉಪನ್ಯಾಸಕ ಯುವತಿಯರಿಗೆ ನೇರವಾಗಿ ಪ್ರಶ್ನೆ ಕೇಳುವುದು, ಅವರು ಎದ್ದು ಉತ್ತರಿಸುವುದು ಸಭ್ಯತೆಯಲ್ಲ ಎಂಬ ಭಾವನೆಯಿತ್ತು. ಹಾಗಾಗಿ ಆತ ಪ್ರಶ್ನೆಗಳನ್ನು ಅಚ್ಚು ಮಾಡಿಸಿ ಕೊಟ್ಟ; ಅವರು ಮನೆಯಲ್ಲಿ ಉತ್ತರ ಬರೆದು ಅಂಚೆಯಲ್ಲಿ ಕಳುಹಿಸಿದರು; ಆತ ತಿದ್ದಿ ಹಿಂದಿರುಗಿಸಿದ. ಸಂಕೋಚದ ಉಪಾಯವಾಗಿ ಬಂದದ್ದು ಒಳ್ಳೆಯ ಶಿಕ್ಷಣ ಕ್ರಮವಾಗಿ ಉಳಿಯಿತು.

ಮೂರನೆಯ ಪದ್ಧತಿ ಸಿಕ್ಕಿದ್ದು ಆಕಸ್ಮಿಕವಾಗಿ. ರಾಚ್‌ಡೇಲ್ ಎಂಬ ಗಿರಣಿ ಪಟ್ಟಣದಲ್ಲಿ ಕೆಲಸಗಾರರು 1844ರಲ್ಲಿ ಕಟ್ಟಿದ ಸಹಕಾರ ಸಂಘ ಜಗತ್ಪ್ರಸಿದ್ಧ. ಆ ಸಂಘದ ಸದಸ್ಯರಿಗೂ ಸ್ಟುವರ್ಟ್ ಉಪನ್ಯಾಸ ಕೊಡುತ್ತಿದ್ದ. ಒಂದು ಸಂಜೆ ಬೇಗ ಹೊರಡಬೇಕಾಗಿದ್ದರಿಂದ, ಗೋಡೆಗೆ ತೂಗುಹಾಕಿದ್ದ ಚಿತ್ರಪಟಗಳನ್ನು ಮುಂದಿನ ವಾರದವರೆಗೆ ಹಾಗೇ ಬಿಡಲು ಸಭಾಂಗಣದ ಕಾವಲುಗಾರನನ್ನು ಕೇಳಿಕೊಂಡ. ಮರುವಾರ ಬಂದಾಗ ಕಾವಲುಗಾರ ಒಂದು ಸುದ್ದಿ ಹೇಳಿದ. ವಾರದ ನಡುವೆ ಸದಸ್ಯರ ಸಭೆ ನಡೆದಿತ್ತು, ಅವರಲ್ಲಿ ಹಲವರು ಆ ಚಿತ್ರಗಳ ಮುಂದೆ ನಿಂತು ಚರ್ಚೆ ಮಾಡಿದ್ದರು, ಅವರಿಗೆ ಕೇಳಬೇಕಾದ ಪ್ರಶ್ನೆಗಳಿವೆ, ಉಪನ್ಯಾಸಕ್ಕೆ ಸ್ವಲ್ಪ ಮುಂಚೆಯೇ ಬರುತ್ತಾರೆ. ಆ ಸಂಜೆ ಇಪ್ಪತ್ತು ಮೂವತ್ತು ಕೆಲಸಗಾರರು ಬಂದರು. ಅಂದಿನಿಂದ ಉಪನ್ಯಾಸಕ್ಕೆ ಹೊಂದಿಕೊಂಡಂತೆ ಪ್ರಶ್ನೋತ್ತರದ ಒಂದು ಅವಧಿ ಸೇರಿತು. ಅದಕ್ಕೆ 'ಕ್ಲಾಸ್' ಎಂದು ಹೆಸರಾಯಿತು. ಉಪನ್ಯಾಸ ಎಲ್ಲರಿಗೆ, ತರಗತಿ ಕಲಿಯಲೇಬೇಕೆಂದು ಬಂದವರಿಗೆ.

ಅಚ್ಚಾದ ಸಾರಾಂಶ, ಬರೆದ ಉತ್ತರ, ಪ್ರಶ್ನೆಯ ಅವಧಿ ಇವು ಮೂರೂ ಸೇರಿ ಕೇಳುಗನನ್ನು ವಿದ್ಯಾರ್ಥಿಯನ್ನಾಗಿ ಮಾಡಿದವು. ಸ್ಟುವರ್ಟ್‌ನ ಒತ್ತಾಯದಿಂದ 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಈ ಕೆಲಸವನ್ನು ಅಧಿಕೃತವಾಗಿ ಕೈಗೆತ್ತಿಕೊಂಡು ನಾಟಿಂಗ್‌ಹ್ಯಾಮ್, ಡರ್ಬಿ, ಲೆಸ್ಟರ್ ನಗರಗಳಲ್ಲಿ ಆರಂಭಿಸಿತು. ಆಕ್ಸ್‌ಫರ್ಡ್ 1878ರಲ್ಲಿ ಅದನ್ನು ಅನುಸರಿಸಿತು. ನಾಟಿಂಗ್‌ಹ್ಯಾಮ್‌ನಲ್ಲಿ ಇದೇ ಉತ್ಸಾಹ 1881ರಲ್ಲಿ ಒಂದು ಕಾಲೇಜಾಗಿ, ಮುಂದೆ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಆನ್ ಕ್ಲಫ್ 1871ರಲ್ಲಿ ಕೇಂಬ್ರಿಜ್‌ಗೆ ಬಂದು ಹೆಣ್ಣುಮಕ್ಕಳ ವಸತಿ ಗೃಹವೊಂದನ್ನು ನಡೆಸತೊಡಗಿದಳು. ಅದೇ ನ್ಯೂನ್‌ಹ್ಯಾಮ್ ಕಾಲೇಜಾಯಿತು. ಆದರೂ ಕೇಂಬ್ರಿಜ್ ಮಹಿಳೆಯರಿಗೆ ಪೂರ್ಣ ಪದವಿ ಕೊಡಲು 1948ರವರೆಗೆ ಕಾಯಬೇಕಾಯಿತು.

ನೂರ ನಲವತ್ತನಾಲ್ಕು ಗಂಟೆ

ವ್ಯಾಸಂಗ ವಿಸ್ತರಣದ ದೌರ್ಬಲ್ಯ ಇದ್ದದ್ದು ಹಣದಲ್ಲಿ. ಕೇಳುಗರು ಕೊಡುವ ಶುಲ್ಕದಿಂದಲೇ ಉಪನ್ಯಾಸಕನ ಸಂಭಾವನೆ ಹುಟ್ಟಬೇಕು. ಇಂಗ್ಲೆಂಡಿನ ಈಶಾನ್ಯ ಭಾಗದ ಕಲ್ಲಿದ್ದಲು ಗಣಿಗಳ ಕಾರ್ಮಿಕರು ಈ ತರಗತಿಗಳಿಗೆ ಬಹಳ ಆಸಕ್ತಿಯಿಂದ ಬರುತ್ತಿದ್ದರು. 1887ರಲ್ಲಿ ಗಣಿ ಮುಷ್ಕರವಾಯಿತು, ಕೂಲಿ ನಿಂತಿತು, ಅದರೊಂದಿಗೆ ಬಹುಪಾಲು ತರಗತಿಗಳೂ ನಿಂತವು. ಶುಲ್ಕ ಕೊಡಬಲ್ಲ, ಹಗಲು ಹೊತ್ತಿನಲ್ಲಿ ಬಿಡುವಿರುವ ಮನೆತನಗಳವರೇ ಹಲವೆಡೆ ಸಭಾಂಗಣ ತುಂಬುತ್ತಿದ್ದರು.

ಸಹಕಾರ ಸಂಸ್ಥೆಯೊಂದರಲ್ಲಿ ಗುಮಾಸ್ತನಾಗಿದ್ದ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಮತ್ತು ಆತನ ಹೆಂಡತಿ ಫ್ರಾನ್ಸಿಸ್ 1903ರಲ್ಲಿ ಮನೆ ಖರ್ಚಿನ ಹಣದಿಂದ ಎರಡೂವರೆ ಷಿಲ್ಲಿಂಗ್ ತೆಗೆದಿಟ್ಟು ಒಂದು ಸಂಘ ಕಟ್ಟಿದರು. ಕಾರ್ಮಿಕರ ಶಿಕ್ಷಣ ಸಂಘವೆಂದು ಅದು ಹೆಸರಾಯಿತು. ಈ ಸಂಘ ಮತ್ತು ಆಕ್ಸ್‌ಫರ್ಡ್ ಸೇರಿ 1908ರಲ್ಲಿ ಹೊಸ ಬಗೆಯ ತರಗತಿಗಳನ್ನು ಆರಂಭಿಸಿದವು. ಅದೇ ರಾಚ್‌ಡೇಲ್ ಮತ್ತು ಕುಂಬಾರಿಕೆ ಕಾರ್ಖಾನೆಗಳ ಊರಾದ ಲಾಂಗ್‌ಟನ್ ಮೊದಲ ಕೇಂದ್ರಗಳು. ಅಧ್ಯಾಪಕ ಆರ್. ಎಚ್. ಟಾನಿ, ವಿಷಯ ಆರ್ಥಿಕ ಇತಿಹಾಸ. ಮೂವತ್ತರ ಆಸುಪಾಸಿನಷ್ಟೇ ವಿದ್ಯಾರ್ಥಿಗಳು. ವರ್ಷಕ್ಕೆ 24 ವಾರ, ವಾರಕ್ಕೆ ಎರಡು ಗಂಟೆ, ಹೀಗೆ ಮೂರು ವರ್ಷ ಬರುತ್ತೇವೆಂದು ಅವರು ಮಾತು ಕೊಡಬೇಕು. ಲೆಕ್ಕ ಹಾಕಿದರೆ 144 ಗಂಟೆ. ಮೊದಲ ಗಂಟೆ ಪಾಠ, ಎರಡನೆಯ ಗಂಟೆ ಚರ್ಚೆ, ಹದಿನೈದು ದಿನಕ್ಕೊಂದು ಪ್ರಬಂಧ. ಪದವಿಯಿಲ್ಲ, ಪರೀಕ್ಷೆಯಿಲ್ಲ. ಆಕಸ್ಮಿಕವಾಗಿ ಹುಟ್ಟಿದ್ದ ಪ್ರಶ್ನೋತ್ತರದ ಅವಧಿ ಇಲ್ಲಿ ಪಾಠದಷ್ಟೇ ಸಮಯ ಪಡೆಯಿತು.

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಬ್ರಿಟಿಷ್ ಸರ್ಕಾರದ ಸಮಿತಿಯೊಂದು ವಯಸ್ಕರ ಶಿಕ್ಷಣ ಕೆಲವರ ವಿಲಾಸವಲ್ಲ, ಎಲ್ಲರಿಗೂ ಬದುಕಿನುದ್ದಕ್ಕೂ ಬೇಕಾದದ್ದು ಎಂದು ವರದಿ ಮಾಡಿತು. ಇಂದು ನಾವು 'ಜೀವನಪರ್ಯಂತ ಶಿಕ್ಷಣ' ಎನ್ನುವ ಕಲ್ಪನೆಯ ಬೇರುಗಳಲ್ಲಿ ಇದೂ ಒಂದು.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಸಾರ್ವಜನಿಕ ವಿಜ್ಞಾನ ಉಪನ್ಯಾಸಕ್ಕೆ ಮನೆ ಕಟ್ಟಿದವರು ಕಲ್ಕತ್ತೆಯ ವೈದ್ಯ ಮಹೇಂದ್ರಲಾಲ್ ಸರ್ಕಾರ್. ಜನರಿಂದ ಹಣ ಕೂಡಿಸಿ 1876ರಲ್ಲಿ ಅವರು ಸ್ಥಾಪಿಸಿದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಸಂಸ್ಥೆಗೆ ರಾಯಲ್ ಇನ್‌ಸ್ಟಿಟ್ಯೂಷನ್ನೇ ಮಾದರಿ. ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಲಾಫೋಂ ಮತ್ತು ಸ್ವತಃ ಸರ್ಕಾರ್ ಅವರು ಅಲ್ಲಿ ಪ್ರಯೋಗಗಳೊಡನೆ ಉಪನ್ಯಾಸ ನೀಡುತ್ತಿದ್ದರು. ಸಂಶೋಧನೆ ಬೆಳೆಯಲಿಲ್ಲವೆಂಬ ಕೊರಗನ್ನು ಉಳಿಸಿಕೊಂಡೇ ಅವರು 1904ರಲ್ಲಿ ತೀರಿಕೊಂಡರು. ಮೂರು ವರ್ಷಗಳ ತರುವಾಯ, 1907ರಲ್ಲಿ, ಆ ಕಟ್ಟಡದ ಬಾಗಿಲು ತಟ್ಟಿದ ಹಣಕಾಸು ಇಲಾಖೆಯ ಯುವ ಅಧಿಕಾರಿಯೇ ಸಿ. ವಿ. ರಾಮನ್. ಜನರಿಗಾಗಿ ಕಟ್ಟಿದ ಮನೆಯಲ್ಲಿ ನೊಬೆಲ್ ಪಾರಿತೋಷಕದ ಕೆಲಸ ನಡೆಯಿತು.

ಕನ್ನಡದಲ್ಲಿ ಈ ಕೆಲಸಕ್ಕೆ ಇನ್ನೊಂದು ತೊಡಕಿತ್ತು. ಕಾಲೇಜಿನ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿ. ಊರಿನವರಿಗೆ ಹೇಳಬೇಕಾದರೆ ಮೊದಲು ಪದಗಳನ್ನೇ ಕಟ್ಟಿಕೊಳ್ಳಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಮತ್ತು ಅವರ ಸ್ನೇಹಿತರು ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಮೂಲಕ 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ತಂದರು. ಅದು ಬದುಕಿದ್ದು ಸುಮಾರು ಎರಡು ವರ್ಷ ಮಾತ್ರ. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ತೋರಿಸಿಕೊಟ್ಟಿತು.

ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಹುಟ್ಟಿತು. ಅದರ ಅಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡುವ, ಆ ಉಪನ್ಯಾಸಗಳನ್ನು ಸಣ್ಣ ಹೊತ್ತಗೆಗಳಾಗಿ ಅಗ್ಗದ ಬೆಲೆಗೆ ಕೊಡುವ ಏರ್ಪಾಡು ಮುಂದಿನ ದಶಕಗಳಲ್ಲಿ ಬೆಳೆಯಿತು. ಕೈಗೆಟಕುವ ಆ ಕಿರುಹೊತ್ತಗೆಗಳನ್ನು ಹಳೆಯ ತಲೆಮಾರಿನ ಶಿಕ್ಷಕರು ಇಂದಿಗೂ ನೆನೆಯುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 'ವ್ಯಾಸಂಗ ವಿಸ್ತರಣ' ಎಂಬ ಹೆಸರಿನಲ್ಲಿಯೇ ಇಂಥ ಕೆಲಸ ಮಾಡಿತು. ಸ್ಟುವರ್ಟ್‌ನ ಅಚ್ಚಾದ ಸಾರಾಂಶಕ್ಕೆ ಈ ಹೊತ್ತಗೆಗಳು ಸಮಾನ. ಬರೆದ ಉತ್ತರದ ಪದ್ಧತಿ ನಮ್ಮಲ್ಲಿ ಬಂದದ್ದು 1969ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಂಚೆ ಶಿಕ್ಷಣದಿಂದ. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ವಿಶ್ವವಿದ್ಯಾಲಯದ ಹೊರಗೂ ಕೆಲಸ ನಡೆದಿದೆ. ಬೆಂಗಳೂರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆ ವಾರವಾರವೂ ಉಪನ್ಯಾಸ ಏರ್ಪಡಿಸುವ ಸಂಪ್ರದಾಯ ಹಾಕಿತು. ತಮ್ಮ ಸಂಶೋಧನಾ ಸಂಸ್ಥೆಯಲ್ಲಿ ರಾಮನ್ ಅವರು ಪ್ರತಿವರ್ಷ ಅಕ್ಟೋಬರ್ 2ರಂದು ಗಾಂಧಿ ಸ್ಮಾರಕ ಉಪನ್ಯಾಸ ಕೊಡುತ್ತಿದ್ದರು. 1970ರ ಕೊನೆಯ ಉಪನ್ಯಾಸದಲ್ಲಿ ಅವರು ಆರಿಸಿಕೊಂಡ ವಿಷಯ ಕಿವಿ ಶಬ್ದವನ್ನು ಗ್ರಹಿಸುವ ಬಗೆ. ಆಗ ಅವರಿಗೆ 81 ವರ್ಷ. ಮುಂದಿನ ತಿಂಗಳು ತೀರಿಕೊಂಡರು.

ವಯಸ್ಸಾದರೆ ಕಲಿಯಲಾಗದೆ?

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂಬ ಗಾದೆ ನಮ್ಮಲ್ಲಿದೆ. ಮನೋವಿಜ್ಞಾನಿಗಳೂ ಬಹುಕಾಲ ಇದನ್ನೇ ನಂಬಿದ್ದರು. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1928ರಲ್ಲಿ ವಯಸ್ಕರ ಕಲಿಕೆಯ ಅಳತೆಗಳನ್ನು ಪ್ರಕಟಿಸಿದ. ಇಪ್ಪತ್ತೈದರ ನಂತರ ನಲವತ್ತೈದರವರೆಗೆ ಕಲಿಯುವ ಸಾಮರ್ಥ್ಯ ವರ್ಷಕ್ಕೆ ಸುಮಾರು ಶೇಕಡ ಒಂದರಷ್ಟು ಮಾತ್ರ ಇಳಿಯುತ್ತದೆಂಬುದು ಅವನ ಲೆಕ್ಕ. ವಯಸ್ಸಿನ ನೆಪ ಹೇಳಿ ಕಲಿಕೆ ಬಿಡಬೇಕಾಗಿಲ್ಲ ಎಂದು ಅವನು ಸಾರಿದ.

ಆದರೆ ಈ ಇಳಿಕೆಯೂ ಎಷ್ಟು ನಿಜ? ಇಲ್ಲಿ ವಿಜ್ಞಾನ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಇಂದು ಇಪ್ಪತ್ತರವರನ್ನೂ ಎಪ್ಪತ್ತರವರನ್ನೂ ಒಟ್ಟಿಗೆ ಕೂರಿಸಿ ಪರೀಕ್ಷೆ ಮಾಡಿದರೆ ಎಪ್ಪತ್ತರವರಿಗೆ ಕಡಿಮೆ ಅಂಕ ಬರಬಹುದು. ಅದು ವಯಸ್ಸಿನ ಪರಿಣಾಮವೆ, ಅಥವಾ ಅವರು ಬಾಲ್ಯದಲ್ಲಿ ಕಡಿಮೆ ಶಾಲೆ, ಕಡಿಮೆ ಪೌಷ್ಟಿಕ ಆಹಾರ ಕಂಡದ್ದರ ಪರಿಣಾಮವೆ? ಒಂದೇ ಸಲದ ಅಳತೆಯಿಂದ ಇದು ತಿಳಿಯುವುದಿಲ್ಲ. ಕೆ. ವಾರ್ನರ್ ಷೈ 1956ರಲ್ಲಿ ಸಿಯಾಟಲ್ ನಗರದಲ್ಲಿ 500 ಜನರನ್ನು ಪರೀಕ್ಷಿಸಿ, ಏಳು ವರ್ಷಕ್ಕೊಮ್ಮೆ ಅವರನ್ನೇ ಮತ್ತೆ ಹುಡುಕಿ ಪರೀಕ್ಷಿಸುತ್ತಾ ಹೋದ. ಪ್ರತಿಸಲವೂ ಹೊಸಬರನ್ನು ಸೇರಿಸಿದ. ಆಗ ಚಿತ್ರ ಬದಲಾಯಿತು. ವೇಗ ಬೇಡುವ ಕೆಲಸಗಳಲ್ಲಿ ಇಳಿಕೆ ಬೇಗ ಕಾಣುತ್ತದೆ. ಆದರೆ ಬಹುತೇಕ ಇತರ ಸಾಮರ್ಥ್ಯಗಳು ಅರವತ್ತರವರೆಗೆ ಹೆಚ್ಚು ಕುಂದದೆ ಉಳಿಯುತ್ತವೆ. ಪದಸಂಪತ್ತು ಇನ್ನೂ ತಡವಾಗಿ ಕುಂದುತ್ತದೆ.

ಷೈ ಮತ್ತು ಷೆರ್ರಿ ವಿಲ್ಲಿಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅರವತ್ತನಾಲ್ಕು ದಾಟಿದವರಿಗೆ ತರ್ಕ ಅಥವಾ ಆಕಾರ ಗ್ರಹಿಕೆಯಲ್ಲಿ ಐದು ಗಂಟೆಗಳ ತರಬೇತಿ ಕೊಟ್ಟರು. ಸುಮಾರು ಮೂರನೇ ಎರಡು ಭಾಗದವರು ಸುಧಾರಿಸಿದರು. ಸಾಮರ್ಥ್ಯ ಕುಂದಿದ್ದವರಲ್ಲಿ ಶೇಕಡ 40ರಷ್ಟು ಮಂದಿ ಹದಿನಾಲ್ಕು ವರ್ಷ ಹಿಂದಿನ ಮಟ್ಟಕ್ಕೆ ಮರಳಿದರು. ಈ ಫಲಿತಾಂಶ 1986ರಲ್ಲಿ ಪ್ರಕಟವಾಯಿತು. ಇಲ್ಲಿಯೂ ಅವರು ಕೇವಲ ಕೇಳಿದ್ದಲ್ಲ, ಅಭ್ಯಾಸ ಮಾಡಿದ್ದು ಎಂಬುದನ್ನು ನೆನಪಿಡಬೇಕು.

ಮೂರನೆಯ ವಯಸ್ಸು

ಹಿರಿಯರಿಗೆಂದೇ ವಿಶ್ವವಿದ್ಯಾಲಯದ ಬಾಗಿಲು ತೆರೆದದ್ದು ಫ್ರಾನ್ಸಿನಲ್ಲಿ. 1968ರ ಕಾನೂನು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ನಿರಂತರ ಶಿಕ್ಷಣದ ಹೊಣೆಯನ್ನೂ ವಹಿಸಿತ್ತು. ತೂಲೂಸ್ ನಗರದ ಪ್ರಾಧ್ಯಾಪಕ ಪಿಯೆರ್ ವೆಲ್ಲಾಸ್ 1973ರಲ್ಲಿ ನಿವೃತ್ತರಿಗಾಗಿ ಪಾಠಗಳನ್ನು ಆರಂಭಿಸಿ ಅದನ್ನು 'ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ' ಎಂದು ಕರೆದ. ಅಲ್ಲಿ ಪ್ರಾಧ್ಯಾಪಕರೇ ಪಾಠ ಹೇಳುತ್ತಿದ್ದರು.

ಇದು ಬ್ರಿಟನ್ನಿಗೆ ಬಂದಾಗ ರೂಪ ಬದಲಾಯಿತು. ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್, ಮೈಕೇಲ್ ಯಂಗ್ ಮತ್ತು ಎರಿಕ್ ಮಿಡ್ವಿಂಟರ್ 1981ರಿಂದ ಕಟ್ಟಿದ ಸಂಸ್ಥೆಯಲ್ಲಿ ಪ್ರಾಧ್ಯಾಪಕರ ಅಗತ್ಯವಿರಲಿಲ್ಲ. ಸದಸ್ಯರೇ ಶಿಕ್ಷಕರು, ಅವರೇ ವಿದ್ಯಾರ್ಥಿಗಳು. ನಿವೃತ್ತ ಎಂಜಿನಿಯರ್ ಸೇತುವೆಗಳ ಬಗ್ಗೆ ಹೇಳಿ, ಮರುದಿನ ನಿವೃತ್ತ ದಾದಿಯಿಂದ ಹೂಗಿಡಗಳ ಬಗ್ಗೆ ಕಲಿಯಬಹುದು. ಪ್ರವೇಶಕ್ಕೆ ಅರ್ಹತೆ ಬೇಡ, ಪರೀಕ್ಷೆಯಿಲ್ಲ, ಪದವಿಯೂ ಇಲ್ಲ. ಇಂಥ ಗುಂಪುಗಳು ಇಂದು ಹಲವು ದೇಶಗಳಲ್ಲಿವೆ. ಲ್ಯಾಸ್ಲೆಟ್ ಬದುಕನ್ನು ನಾಲ್ಕು ಭಾಗ ಮಾಡಿದ: ಬಾಲ್ಯ, ದುಡಿಮೆ, ಸ್ವಂತ ಸಾಧನೆಯ ಕಾಲ, ಕೊನೆಯ ಅವಲಂಬನೆ. ನಮ್ಮ ನಾಲ್ಕು ಆಶ್ರಮಗಳು ಇಲ್ಲಿ ನೆನಪಾಗುವುದು ಸಹಜ. ವ್ಯತ್ಯಾಸವೂ ದೊಡ್ಡದು. ವಾನಪ್ರಸ್ಥ ಲೋಕದಿಂದ ಹಿಂದೆ ಸರಿಯುವ ಹೊತ್ತು. ಮೂರನೆಯ ವಯಸ್ಸು ಲೋಕವನ್ನು ಬಿಡುವಾಗಿ ತಿಳಿಯುವ ಹೊತ್ತು.

ಭಾರತಕ್ಕೆ ಈ ಮಾತು ದೂರದ್ದಲ್ಲ. ಸ್ವಾತಂತ್ರ್ಯ ಬಂದ ಸುಮಾರಿಗೆ ನಮ್ಮ ಸರಾಸರಿ ಆಯುರ್ನಿರೀಕ್ಷೆ 32 ವರ್ಷದಷ್ಟಿತ್ತು. ಇಂದು ಅದು 70ರ ಆಸುಪಾಸಿನಲ್ಲಿದೆ. 2011ರ ಜನಗಣತಿಯ ಪ್ರಕಾರ ಅರವತ್ತು ದಾಟಿದವರು ಸುಮಾರು 10.4 ಕೋಟಿ, ಅಂದರೆ ಜನಸಂಖ್ಯೆಯ ಶೇಕಡ 8.6. ಇವರಲ್ಲಿ ಬಹಳ ಮಂದಿಗೆ ಬಾಲ್ಯದಲ್ಲಿ ಶಾಲೆಯೇ ಸಿಕ್ಕಿರಲಿಲ್ಲ. ಅವರಿಗೆ ಇದು ಎರಡನೆಯ ಅವಕಾಶವಲ್ಲ, ಮೊದಲನೆಯದು.

ನಮ್ಮ ಊರುಗಳಲ್ಲಿ ವಿಜ್ಞಾನ ಉಪನ್ಯಾಸಗಳಿಗೆ ಕೊರತೆಯಿಲ್ಲ. ಹಾರ, ಸ್ವಾಗತ, ಒಂದು ಗಂಟೆಯ ಭಾಷಣ, ವಂದನಾರ್ಪಣೆ. ಪ್ರಶ್ನೆಗೆ ಸಮಯವಿಲ್ಲವೆಂದು ಅಧ್ಯಕ್ಷರು ಸಭೆ ಮುಗಿಸುತ್ತಾರೆ. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರು ಮನೆಗೆ ಹೋಗುತ್ತಾರೆ. ಇದು ಸ್ಟುವರ್ಟ್‌ಗಿಂತ ಮೊದಲಿನ ಸ್ಥಿತಿ. ಇದನ್ನು ಬದಲಾಯಿಸಲು ದೊಡ್ಡ ಅನುದಾನ ಬೇಕಿಲ್ಲ. ಪ್ರೌಢಶಾಲೆಯ ಒಬ್ಬ ವಿಜ್ಞಾನ ಶಿಕ್ಷಕ ಒಂದೇ ವಿಷಯವನ್ನು ಆರು ವಾರ ಮುಂದುವರಿಸಬಹುದು. ಒಂದು ಪುಟದ ಸಾರಾಂಶವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿಸಿ ಹಂಚಬಹುದು. ವಾರಕ್ಕೊಂದು ಸಣ್ಣ ಕೆಲಸ ಕೊಡಬಹುದು: ಸೂರ್ಯ ಮುಳುಗುವ ಜಾಗವನ್ನು ಗುರುತಿಡುವುದು, ಮಳೆ ಅಳೆಯುವುದು. ಊರಿನ ಹಿರಿಯ ರೈತನನ್ನೋ ನಿವೃತ್ತ ಕಂಪೌಂಡರನ್ನೋ ಒಂದು ವಾರ ಪಾಠ ಹೇಳಲು ಕರೆಯಬಹುದು. ಮುಖ್ಯವಾಗಿ, ಭಾಷಣಕ್ಕೆ ಅರ್ಧ ಗಂಟೆಯಾದರೆ ಪ್ರಶ್ನೆಗೂ ಅರ್ಧ ಗಂಟೆ ಇಡಬಹುದು. ಹೊರಡುವಾಗ ಚಿತ್ರಪಟಗಳನ್ನು ಗೋಡೆಯ ಮೇಲೆ ಹಾಗೆಯೇ ಬಿಟ್ಟು ಬರುವುದನ್ನು ಮರೆಯಬಾರದು.